ಹೆಲಿಕಾಪ್ಟರಿನಿಂದ ಇಳಿದ ಸೋದರಮಾವ

ಆಲೆಟ್ಟಿ
ಮೇ ೭, ಗುರುವಾರ

ಚಿರಂಜೀವಿ ದೀಪ್ತಿಗೆ,

ಸೋದರಮಾವನ ಆಶೀರ್ವಾದ. ಸಿಟ್ಟು ಉಂಟು. ಆದರೂ ಆಶೀರ್ವಾದ ಬರೆಯದೆ ಕಾಗದ ಸುರು ಮಾಡಲು ನನ್ನ ಕೈ ಬರುವುದಿಲ್ಲ. ಆದ್ದರಿಂದ ಅದನ್ನು ಮೊದಲು ತೆಗೆದುಕೊ, ಉಳಿದದ್ದನ್ನು ಕೂತು ಓದು.

ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಾನು ಜೋರಾಗಿ ಎರಡು ಮಾತು ಆಡಿದ ಕೂಡಲೇ ನೀನು ನಗುತ್ತೀ, ನೀನು ನಕ್ಕರೆ ನನಗೂ ನಗು ಬರುತ್ತದೆ, ಮತ್ತೆ ಜಗಳಕ್ಕೆ ಮರ್ಯಾದೆ ಎಲ್ಲಿ ಉಳಿಯಿತು? ಕಾಗದದಲ್ಲಾದರೆ ನೀನು ನಕ್ಕದ್ದು ನನಗೆ ಕೇಳುವುದಿಲ್ಲ. ಮನೆಯಲ್ಲಿ ಆಡುವುದು ಅರೆಭಾಷೆಯಾದರೂ ಪೆನ್ನು ಹಿಡಿದರೆ ನನಗೆ ಶಾಲೆಯ ಕನ್ನಡವೇ ಬರುವುದು. ಅದೂ ಒಳ್ಳೆಯದೇ. ಅರೆಭಾಷೆಯಲ್ಲಿ ಬೈದರೆ ಬೈಗುಳ ಮೆತ್ತಗಾಗುತ್ತದೆ.

ವಿಷಯಕ್ಕೆ ಬರುತ್ತೇನೆ. ನನಗೆ ಇರುವುದು ಇಬ್ಬರೇ ಸೋದರ ಸೊಸೆಯಂದಿರು. ಪೂವಕ್ಕನ ಮಗಳು ಶರ್ಮಿಳಾ, ತಂಗಿ ಕುಮುದಿನಿಯ ಮಗಳು ನೀನು. ಒಬ್ಬಳ ಮದುವೆಯ ದಿನ ಇನ್ನೊಬ್ಬಳು ನನ್ನನ್ನು ಊರವರೆಲ್ಲರ ಎದುರು ಹೆಲಿಕಾಪ್ಟರಿನಿಂದ ಇಳಿಸಿದಳು. ಇದು ನನ್ನ ದೂರು.

ಮದುಮಗ ಮೋಕ್ಷಿತನಿಗೆ ಮದುಮಗಳು ಆಲೆಟ್ಟಿಯಿಂದ ಕಾಣಿಯೂರಿನ ಮದುವೆ ಹಾಲಿಗೆ ಹಾರಿಕೊಂಡೇ ಬರಬೇಕು ಎಂಬ ಆಸೆ ಹುಟ್ಟಿದಾಗ ಬೇಡ ಎಂದ ಮೊದಲಿಗ ನಾನು. ಕಾರಿನಲ್ಲಿ ಒಂದು ಗಂಟೆಯ ದಾರಿ, ಅದಕ್ಕೆಂತ ಹೆಲಿಕಾಪ್ಟರ್ ಎಂದೆ. ಆದರೆ ಅವನು ಗೊತ್ತು ಮಾಡಿದ ಕಂಪೆನಿಯಲ್ಲಿ ಅದನ್ನು ಬಿಡುವವಳು ನೀನೇ ಎಂದು ತಿಳಿದ ಮೇಲೆ ನನ್ನ ಬಾಯಿ ಮುಚ್ಚಿತು. ಅಲ್ಲ, ತೆರೆಯಿತು. ಸುಳ್ಯ ಪೇಟೆಯಲ್ಲಿ ನಾನು ಹೇಳದೆ ಬಿಟ್ಟವರು ಯಾರೂ ಇಲ್ಲ. ನನ್ನ ಅಂಗಡಿಗೆ ಅಡಿಕೆ ತಂದವರ ಮೂಟೆ ಇಳಿಸುವ ಮೊದಲೇ ಸುದ್ದಿ ಇಳಿಸುತ್ತಿದ್ದೆ.

ನಮ್ಮಲ್ಲಿ ಮದುಮಗಳ ಕೈಹಿಡಿದು ಮಂಟಪಕ್ಕೆ ತರುವುದು ಸೋದರಮಾವ ಎಂದು ನಿನಗೆ ಹೇಳಿಕೊಡಬೇಕಾಗಿಲ್ಲ. ಅಪ್ಪ ಇರಲಿ, ಅಣ್ಣ ಇರಲಿ, ಆ ಕೆಲಸ ಮಾವನದ್ದೇ. ಹಾಗಾಗಿ ನಾಲ್ಕು ಸೀಟಿನಲ್ಲಿ ಒಂದು ನನ್ನದು ಎಂಬುದರಲ್ಲಿ ಚರ್ಚೆಯೇ ಇರಲಿಲ್ಲ. ಶರ್ಮಿಳಾ, ಪೂವಕ್ಕ, ನಾನು, ಮತ್ತೆ ಮದುಮಗಳ ಅಲಂಕಾರಕ್ಕೆ ಬಂದ ಸುಳ್ಯದ ಬ್ಯೂಟಿ ಪಾರ್ಲರಿನ ಜಸೀನಾ.

ಆಗ ನೀನೇ ಫೋನು ಮಾಡಿ, ‘ಮಾವ, ಹತ್ತುವ ನಾಲ್ಕು ಜನರ ತೂಕ ಬೇಕು. ಹೊರಡುವ ದಿನ ಬೆಳಿಗ್ಗೆಯೇ ತೂಗಿ ಹೇಳಿ. ಎಲ್ಲರೂ ತೂಕ ಕಡಿಮೆ ಹೇಳುದು, ನಿಮ್ಮ ತೂಕವಾದರೆ ಕಣ್ಣು ಮುಚ್ಚಿ ನಂಬ್ತೇನೆ’ ಎಂದಿ. ಈ ಮಾತು ನಿನ್ನ ಬಾಯಿಯದ್ದು, ನೆನಪಿಟ್ಟುಕೊ. ನಾನೂ ಬೇಕಾಬಿಟ್ಟಿ ಮಾಡಲಿಲ್ಲ. ಅಂಗಡಿಯ ತೂಕದ ಮೆಷಿನನ್ನು ನಮ್ಮಲ್ಲಿ ಮೂಟೆ ಹೊರುವ ಚೆನ್ನಪ್ಪನ ಪಿಕಪ್ಪಿಗೆ ಹೇರಿಸಿ ಪೂವಕ್ಕನ ಅಂಗಳಕ್ಕೆ ತಂದೆ. ಅದರಡಿಗೆ ಹಲಗೆ ಕೊಟ್ಟು ಸಮ ಮಾಡಿದೆ. ಹೆಂಗಸರು ತೂಕ ನೋಡಬೇಡಿ ಎಂದು ನಾಚಿಕೊಂಡರು, ನಾನು ಅಡಿಕೆ ತೂಗುವವ, ನನಗೆ ಎಲ್ಲ ಒಂದೇ ಎಂದೆ. ನಿನಗೆ ನಾಲ್ಕು ತೂಕವನ್ನೂ ಸರಿಯಾಗಿ ಹೇಳಿದೆ.

ಮತ್ತೆ ಆದದ್ದು ಊರಿಗೇ ಗೊತ್ತು. ಶಾಲೆಯ ಮೈದಾನದಲ್ಲಿ ನಾವು ಹತ್ತಿ ಕೂತೆವು, ಬೆಲ್ಟ್ ಹಾಕಿಸಿದರು, ಮೇಲಿನ ರೆಕ್ಕೆ ತಿರುಗಿತು. ಪೂವಕ್ಕ ನನ್ನ ಕೈಯನ್ನು ಒಗೆದ ಬಟ್ಟೆ ಹಿಂಡುವ ಹಾಗೆ ಹಿಂಡುತ್ತಿದ್ದಳು. ಹೆಲಿಕಾಪ್ಟರ್ ನೆಲ ಬಿಟ್ಟು ಸೊಂಟದಷ್ಟು ಎತ್ತರದಲ್ಲಿ ನಿಂತಿತು. ಇನ್ನೇನು ಹಾರುತ್ತದೆ ಎಂದು ನಾನು ಕಾದೆ. ನೀನು ಎದುರಿನ ಮೀಟರಿನ ಮುಳ್ಳು ನೋಡಿದಿ, ಮರದ ತುದಿ ನೋಡಿದಿ, ಪುನಃ ಮುಳ್ಳು ನೋಡಿದಿ. ಮೆಲ್ಲ ಕೆಳಗಿಳಿಸಿದಿ. ತಿರುಗಿ ನನ್ನ ಮುಖ ನೋಡಿ ಆ ಗಲಾಟೆಯನ್ನೂ ಮೀರಿ ಕೇಳುವ ಹಾಗೆ ಬೊಬ್ಬೆ ಹೊಡೆದಿ. ‘ಮಾವ, ತೂಕ ತಪ್ಪಿದೆ. ನೀವು ಇಳಿಯಬೇಕು.’

ಇಳಿಯಬೇಕು ಎಂದದ್ದಕ್ಕೆ ನನಗೆ ಬೇಜಾರಿಲ್ಲ. ಸ್ವಲ್ಪ ಉಂಟು, ಆದರೆ ಅದನ್ನು ನುಂಗುತ್ತೇನೆ. ತೂಕ ತಪ್ಪಿದೆ ಎಂದಿಯಲ್ಲ, ಅದು ಗಂಟಲಲ್ಲಿ ನಿಂತಿದೆ. ಅಷ್ಟು ವರ್ಷ ಅಡಿಕೆ ತೂಗಿದ ನನಗೆ ಆ ಮಾತನ್ನು ಬದ್ಧ ವೈರಿಯೂ ಹೇಳಿದ್ದಿಲ್ಲ.

ಇಳಿದೆ. ನಿಮ್ಮ ಕಂಪೆನಿಯ ಹುಡುಗ ನನ್ನನ್ನು ಬಗ್ಗಿಸಿಕೊಂಡು ಕಳ್ಳನನ್ನು ಕರೆದೊಯ್ಯುವ ಹಾಗೆ ಆಚೆ ಕರೆದೊಯ್ದ. ಅಷ್ಟರಲ್ಲಿ ಗಾಳಿಗೆ ತಲೆಯ ಪೇಟ ಹಾರಿ ಶಾಲೆಯ ಬಿಸಿಯೂಟದ ಕೋಣೆಯ ಮಾಡಿನ ಮೇಲೆ ಕೂತಿತು. ನೀನು ಮೂರು ಜನರನ್ನು ಕಟ್ಟಿಕೊಂಡು ಸೀದಾ ಮೇಲೆ ಹೋದಿ. ನಾನು ಬರಿತಲೆಯಲ್ಲಿ ಚೆನ್ನಪ್ಪನ ಪಿಕಪ್ಪಿನಲ್ಲಿ, ಹಿಂದೆ ತೂಕದ ಮೆಷಿನು, ಮುಂದೆ ನಾನು, ಬೆಳ್ಳಾರೆ ದಾರಿಯಾಗಿ ಕಾಣಿಯೂರಿಗೆ ಹೋದೆ. ಮಾವ ಬಾರದೆ ಒಳಗೆ ಕಾಲಿಡುವುದಿಲ್ಲ ಎಂದು ಶರ್ಮಿಳಾ ಹಾಲಿನ ಹೊರಗೆ ಕುರ್ಚಿ ಹಾಕಿ ಕೂತಿದ್ದಳು, ಪುಣ್ಯಾತ್ಗಿತ್ತಿ. ಮುಹೂರ್ತ ತಪ್ಪಲಿಲ್ಲ. ನನ್ನ ಪೇಟಕ್ಕೆ ಬದಲು ಮೋಕ್ಷಿತನ ಚಿಕ್ಕಪ್ಪ ಅವರದ್ದನ್ನು ಕೊಟ್ಟರು. ಅದು ನನ್ನ ತಲೆಗೆ ಸಣ್ಣದಾಗಿ, ಫೋಟೋದಲ್ಲೆಲ್ಲ ನಾನು ಕೈಯಿಂದ ಪೇಟ ಹಿಡಿದುಕೊಂಡೇ ಇದ್ದೇನೆ.

ಇಷ್ಟಕ್ಕೇ ಮುಗಿದಿದ್ದರೆ ಕಾಗದ ಬರೆಯುತ್ತಿರಲಿಲ್ಲ. ಈಗ ಅಂಗಡಿಗೆ ಬಂದವರೆಲ್ಲ, ‘ಕುಶಾಲಣ್ಣ, ನಿಮ್ಮ ತೂಕ ಹೆಲಿಕಾಪ್ಟರಿಗೆ ಆಗುದಿಲ್ಲವಂತೆ’ ಎಂದು ಹಲ್ಲು ಕಿರಿಯುತ್ತಾರೆ. ತಮಾಷೆಗೆ ಹೇಳುವವರನ್ನು ತಡೆದುಕೊಳ್ಳಬಹುದು. ಮೊನ್ನೆ ಪೆರಾಬೆಯಿಂದ ಬಂದ ಒಬ್ಬರು, ಅವರ ಅಪ್ಪನ ಕಾಲದಿಂದ ನಮಗೇ ಅಡಿಕೆ ಕೊಡುವವರು, ತೂಗಿ ಆದ ಮೇಲೆ ಮೆಲ್ಲ, ‘ಇನ್ನೊಮ್ಮೆ ಇಡುವನಾ?’ ಎಂದರು. ನಾನು ಇನ್ನೊಮ್ಮೆ ಇಟ್ಟೆ. ಅಷ್ಟೇ ಬಂತು. ಅವರು ಹೋದ ಮೇಲೆ ನನಗೆ ಊಟ ಸೇರಲಿಲ್ಲ, ದೀಪ್ತಿ. ಅಂಗಡಿಯಲ್ಲಿ ನನ್ನ ಹತ್ತಿರ ಇರುವುದು ಆ ಒಂದು ನಂಬಿಕೆ. ಅದು ಹೋದರೆ ಬಾಗಿಲು ಹಾಕುವುದೇ ಸರಿ.

ನಿನ್ನ ಎಂಜಿನಿಗೆ ದಮ್ಮಿಲ್ಲದಿದ್ದರೆ ಅದಕ್ಕೆ ನನ್ನ ತೂಕ ಎಂತ ಮಾಡುವುದು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಆದ್ದರಿಂದ ನೀನು ಮಾಡಬೇಕಾದ್ದು ಇಷ್ಟು. ಕಂಪೆನಿಯ ಕಾಗದದಲ್ಲಿ, ಕುಶಾಲಪ್ಪ ಗೌಡರ ತೂಕ ಸರಿಯಾಗಿಯೇ ಇತ್ತು, ಹೆಲಿಕಾಪ್ಟರಿಗೇ ಬಲ ಸಾಲಲಿಲ್ಲ ಎಂದು ಚಂದ ಮಾಡಿ ಬರೆದು ಸೀಲು ಹಾಕಿ ಕಳಿಸು. ಲ್ಯಾಮಿನೇಷನ್ ಮಾಡಿಸಿ ಅಂಗಡಿಯಲ್ಲಿ ತೂಗುಹಾಕುತ್ತೇನೆ.

ಇಷ್ಟಾದರೂ ನಿನ್ನ ಮಾವನಾಗಿಯೇ ಉಳಿದಿರುವ,
ಕುಶಾಲಪ್ಪ ಗೌಡ

ಮರೆತದ್ದು: ನಿನ್ನ ಅಮ್ಮ ಕೊಟ್ಟ ಮಾವಿನಮಿಡಿ ಉಪ್ಪಿನಕಾಯಿ ಬೇರೆ ಪಾರ್ಸೆಲಿನಲ್ಲಿ ಬರುತ್ತದೆ. ಮುಚ್ಚಳ ಸೋರದ ಹಾಗೆ ಕಟ್ಟಿದ್ದು ನಾನು. ಅದಕ್ಕೂ ಈ ಸಿಟ್ಟಿಗೂ ಸಂಬಂಧವಿಲ್ಲ.


ಗುಪ್ತಕಾಶಿ
ಮೇ ೧೯

ಪ್ರೀತಿಯ ಮಾವನಿಗೆ,

ಇಷ್ಟು ದೂರದಿಂದಲೇ ಕಾಲು ಹಿಡಿಯುತ್ತೇನೆ. ಉಪ್ಪಿನಕಾಯಿ ಒಂದು ಹನಿಯೂ ಸೋರದೆ ಬಂದಿದೆ. ಇಲ್ಲಿ ಯಾತ್ರಿಕರನ್ನು ಬೆಟ್ಟದ ಮೇಲಿನ ದೇವಸ್ಥಾನಕ್ಕೆ ಕರೆದೊಯ್ಯುವ ಕೆಲಸ. ದಾಲ್ ತಿಂದು ತಿಂದು ಸತ್ತುಹೋಗಿದ್ದ ನಾಲಗೆ ಎದ್ದು ಕೂತಿತು.

ಪತ್ರ ಓದಿ ನಗಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಪೇಟದ ಜಾಗದಲ್ಲಿ ಚೆನ್ನಾಗಿಯೇ ನಕ್ಕೆ. ಪೆರಾಬೆಯವರು ಇನ್ನೊಮ್ಮೆ ತೂಗಿಸಿದರು ಎಂದಲ್ಲಿ ನಗು ನಿಂತಿತು. ಆ ಪುಟವನ್ನು ಮುಂದೆ ಓದಲು ಆಗಲಿಲ್ಲ, ಮಡಚಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ ಬಂದೆ.

ಮಾವ, ನೀವು ಕೇಳಿದ ಕಾಗದವನ್ನು ನಾನು ಬರೆಯಲಾರೆ. ಹೆಲಿಕಾಪ್ಟರಿಗೆ ಬಲ ಇಲ್ಲದೆ ಇರಲಿಲ್ಲ. ಯಾಕೆಂದು ಹೇಳುತ್ತೇನೆ, ಸಿಟ್ಟು ಮಾಡದೆ ಕೇಳಿ.

ಹೆಲಿಕಾಪ್ಟರ್ ಮುಂದಕ್ಕೆ ಓಡುತ್ತಿರುವಾಗ ಅದಕ್ಕೆ ಅಷ್ಟು ಶ್ರಮವಿಲ್ಲ, ಹೊಸ ಗಾಳಿ ತಾನಾಗಿ ರೆಕ್ಕೆಗೆ ಸಿಗುತ್ತದೆ. ಅದಕ್ಕೆ ತುಂಬ ಕಷ್ಟದ ಕೆಲಸವೆಂದರೆ ನಿಂತಲ್ಲೇ ನಿಲ್ಲುವುದು. ನೋಡುವವರಿಗೆ ಆರಾಮ ನಿಂತ ಹಾಗೆ ಕಾಣುತ್ತದೆ, ಎಂಜಿನಿಗೆ ಮಾತ್ರ ಅದೇ ದೊಡ್ಡ ಹೊರೆ. ನೆಲದ ಹತ್ತಿರ ಇರುವಷ್ಟು ಹೊತ್ತು ಸ್ವಲ್ಪ ಸಹಾಯ ಉಂಟು. ರೆಕ್ಕೆ ಕೆಳಗೆ ತಳ್ಳಿದ ಗಾಳಿಗೆ ನೆಲ ಅಡ್ಡವಾಗಿ, ಅಡಿಯಲ್ಲಿ ಮೆತ್ತೆ ಹಾಸಿದ ಹಾಗಾಗುತ್ತದೆ. ಸೊಂಟದೆತ್ತರದಲ್ಲಿ ನಿಂತಾಗ ನಾವೆಲ್ಲ ಕೂತಿದ್ದದ್ದು ಆ ಮೆತ್ತೆಯ ಮೇಲೆ. ಆಲೆಟ್ಟಿ ಶಾಲೆಯ ಮೈದಾನದ ಸುತ್ತ ಅಡಿಕೆ, ಆಚೆ ತೆಂಗು. ಮುಂದೆ ಓಡಿ ಏರಲು ಜಾಗವೇ ಇಲ್ಲ. ಮೆತ್ತೆ ಬಿಟ್ಟು ಮರದ ತುದಿಯವರೆಗೆ ಸೀದಾ ಏರಬೇಕು. ಆಗ ಅದೇ ಭಾರಕ್ಕೆ ಇನ್ನಷ್ಟು ಬಲ ಬೇಕು. ಅಷ್ಟು ಬಲ ಎಂಜಿನಿನಲ್ಲಿ ಉಳಿದಿದೆಯೇ ಎಂದು ಕೆಳಗೇ ನೋಡಿಕೊಳ್ಳಬೇಕು. ನಾನು ಮುಳ್ಳು ನೋಡಿದ್ದು ಅದಕ್ಕೇ.

ನಿಮ್ಮ ಅಂಗಡಿಯಲ್ಲಿ ಮೂಟೆ ಹೊರುವ ಚೆನ್ನಪ್ಪಣ್ಣನನ್ನೇ ನೋಡಿ. ಮೂಟೆ ಬೆನ್ನಿಗೇರಿಸಿ ಎದ್ದು ನಿಂತರೆ ಆಗಲಿಲ್ಲ, ಪಿಕಪ್ಪಿಗೆ ಇಟ್ಟ ಹಲಗೆ ಹತ್ತುವಷ್ಟು ಉಸಿರು ಉಳಿದಿರಬೇಕು. ಹಲಗೆಯ ಅರ್ಧದಲ್ಲಿ ಉಸಿರು ಮುಗಿದರೆ ಅವರು ಮೂಟೆ ಬಿಸಾಡಬಹುದು. ನನಗೆ ಬಿಸಾಡಲು ಏನೂ ಇರಲಿಲ್ಲ. ನನ್ನ ಬೆನ್ನಿಗಿದ್ದದ್ದು ಶರ್ಮಿಳಾ, ದೊಡ್ಡಮ್ಮ, ಜಸೀನಾ, ನೀವು.

ನೀವು ಹೇಳಿದ ತೂಕ ಹಿಡಿದು ಲೆಕ್ಕ ಹಾಕಿದರೆ ಎಂಜಿನಿನ ಬಲದಲ್ಲಿ ನೂರಕ್ಕೆ ಹದಿನಾಲ್ಕು ಪಾಲು ಉಳಿಯಬೇಕಿತ್ತು. ಹನ್ನೆರಡು ಇಲ್ಲದೆ ನಾನು ಆ ಮೈದಾನದಿಂದ ಏಳುವುದಿಲ್ಲ. ಮುಳ್ಳು ತೋರಿಸಿದ್ದು ಎಂಟು. ಎಂಟಿನಲ್ಲಿ ಹೋಗಿದ್ದರೆ ಅಡಿಕೆ ಮರದ ಅರ್ಧದವರೆಗೆ ಏರುತ್ತಿದ್ದೆವು. ಮತ್ತೆ ರೆಕ್ಕೆಯ ತಿರುಗು ಇಳಿಯುತ್ತದೆ, ಹೆಲಿಕಾಪ್ಟರ್ ಕೂರಲು ಸುರುವಾಗುತ್ತದೆ, ಯಾವ ಕಡೆಗೂ ತಿರುಗಿಸಲು ಜಾಗ ಇಲ್ಲ. ಇದಕ್ಕಿಂತ ಹೆಚ್ಚು ಬರೆದರೆ ನನಗೇ ಹೆದರಿಕೆಯಾಗುತ್ತದೆ.

ಇನ್ನು ಬಿಸಿಲಿನ ವಿಷಯ. ಗಾಳಿ ಬಿಸಿಯಾದಷ್ಟೂ ತೆಳ್ಳಗಾಗುತ್ತದೆ, ಎಂಜಿನು ಸೋಲುತ್ತದೆ, ರೆಕ್ಕೆಗೂ ಹಿಡಿತ ಸಿಗುವುದಿಲ್ಲ. ಹಾಗಾಗಿ ತಂಪು ಹೊತ್ತಿನಲ್ಲೇ ಹೊರಡುವ ಎಂದು ಎಲ್ಲರಿಗೂ ಹೇಳಿದ್ದೆ. ಹೊರಡುವಾಗ ಬಿಸಿಲು ನೆತ್ತಿಗೆ ಬಂದಿತ್ತು, ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ತಡ ಯಾಕಾಯಿತು ಎಂದು ನಿಮ್ಮ ಪತ್ರದಲ್ಲಿ ಎಲ್ಲೂ ಕಾಣುವುದಿಲ್ಲ. ಹೆಲಿಕಾಪ್ಟರಿಗೆ ಆರತಿ ಆಗಲೇಬೇಕೆಂದವರು ಯಾರು, ನೆಂಟರನ್ನೆಲ್ಲ ಅದರ ಪಕ್ಕ ನಿಲ್ಲಿಸಿ ಫೋಟೋ ತೆಗೆಸಿದವರು ಯಾರು, ಬೆಲ್ಲ ನೀರು ಕುಡಿಯದೆ ಒಬ್ಬರೂ ಮೈದಾನ ಬಿಡಕೂಡದು ಎಂದು ಹಟ ಹಿಡಿದವರು ಯಾರು ಎಂದು ನಾನೂ ಬರೆಯುವುದಿಲ್ಲ. ಆ ಬಿಸಿಲಿಗೆ ಪುನಃ ಲೆಕ್ಕ ಹಾಕಿದ ಮೇಲೆಯೇ ಹದಿನಾಲ್ಕು ಬಂದದ್ದು.

ಎರಡು ಸಲ ಹೋಗಿ ಬರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅನುಮತಿ ಇದ್ದದ್ದು ಒಂದೇ ಸಲಕ್ಕೆ, ಎಣ್ಣೆಯೂ ಅಷ್ಟಕ್ಕೇ. ಜಸೀನಾಳನ್ನು ಇಳಿಸಿದರೆ ಸಾಕಾಗುತ್ತಿರಲಿಲ್ಲ, ಅವಳು ಗಾಳಿಗೆ ಹಾರುವಷ್ಟು ಸಪೂರ. ದೊಡ್ಡಮ್ಮನನ್ನು ಇಳಿಸಿದರೆ ಶರ್ಮಿಳಾ ಅಳುತ್ತಿದ್ದಳು. ಉಳಿದದ್ದು ನೀವು. ಆ ಕ್ಷಣದಲ್ಲಿ ನಾನು ಹೆದರಿದ್ದು ಎಂಜಿನಿಗೆ ಅಲ್ಲ, ನಿಮಗೆ. ನಾನು ಪೈಲಟ್ ಆಗುತ್ತೇನೆ ಎಂದಾಗ ಮನೆಯಲ್ಲಿ ಎಲ್ಲರೂ ಬೇಡವೆಂದರು. ‘ಹೆಣ್ಣು ಹಾರಿದರೆ ಆಕಾಶ ಎಂತ ತೂತಾಗ್ತದಾ?’ ಎಂದು ಕೇಳಿದ್ದು ನೀವೊಬ್ಬರೇ. ಹತ್ತಿಸಿದವರನ್ನೇ ನಾನು ಇಳಿಸಿದೆ. ಇಳಿಸಿದ್ದಕ್ಕೆ ಕ್ಷಮೆ ಕೇಳುವುದಿಲ್ಲ, ನಾಳೆ ಅಂಥದ್ದೇ ಬಂದರೆ ನಾಳೆಯೂ ಇಳಿಸುತ್ತೇನೆ. ಆದರೆ ಜನರೆದುರು ತೂಕ ತಪ್ಪಿದೆ ಎಂದು ಕಿರುಚಬಾರದಿತ್ತು. ಇಳಿಯಿರಿ ಎಂದಷ್ಟೇ ಹೇಳಿದರೆ ಸಾಕಿತ್ತು. ಅದನ್ನು ಹೊಟ್ಟೆಗೆ ಹಾಕಿಕೊಳ್ಳಿ.

ಈಗ ಒಂದು ಪ್ರಶ್ನೆ. ನಿಮ್ಮ ಪತ್ರ ಬಂದಂದಿನಿಂದ ನನಗೆ ಅದೇ ಮಂಡೆಬಿಸಿ. ನಿಮ್ಮ ಮೆಷಿನು ತಪ್ಪುವುದಿಲ್ಲ, ನನ್ನ ಮುಳ್ಳೂ ತಪ್ಪುವುದಿಲ್ಲ, ಹಾಗಾದರೆ ಎಡವಿದ್ದು ಎಲ್ಲಿ? ಇಲ್ಲಿ ಎತ್ತರದ ಗಾಳಿ ಇನ್ನೂ ತೆಳು. ಆದ್ದರಿಂದ ಪ್ರತಿಯೊಬ್ಬ ಯಾತ್ರಿಕನನ್ನೂ ಹತ್ತಿಸುವ ಮೊದಲು ತೂಗುತ್ತಾರೆ. ಇವತ್ತು ಬೆಳಿಗ್ಗೆ ಒಬ್ಬರು ಅಜ್ಜಿ ಎರಡು ಸ್ವೆಟರು, ಕಂಬಳಿ, ಬೂಟು, ಸೊಂಟದಲ್ಲಿ ತೀರ್ಥದ ಕ್ಯಾನು ಎಲ್ಲ ಸಮೇತ ಮೆಷಿನು ಹತ್ತಿದರು. ತೂಗುವವನು ಬಂದ ಅಂಕೆಯನ್ನು ಹಾಗೆಯೇ ಕೂಗಿದ. ನನಗೆ ಅಲ್ಲೇ ಹೊಳೆಯಿತು. ಕೂಡಲೇ ಶರ್ಮಿಳಾಗೆ ಫೋನು ಮಾಡಿ ಅವಳ ತೂಕ ಕೇಳಿದೆ. ಬರಿಯ ಚೂಡಿದಾರಿನಲ್ಲಿ ಅವಳು ಐವತ್ತೆಂಟು. ರೇಷ್ಮೆ ಸೀರೆ, ಒಡವೆ, ಮೊಳಗಟ್ಟಲೆ ಮಲ್ಲಿಗೆ ಹೊತ್ತು ನಿಂತವಳನ್ನು ನೀವು ನನಗೆ ಐವತ್ತೇಳು ಎಂದಿರಿ.

ಸಣ್ಣವಳಿದ್ದಾಗ ಬೇಸಗೆ ರಜೆಯಲ್ಲಿ ನಿಮ್ಮ ಅಂಗಡಿಯಲ್ಲಿ ಕೂತು ಎಷ್ಟು ಸಲ ನೋಡಿದ್ದೇನೆ. ಮೂಟೆ ತೂಗಿದ ಮೇಲೆ ಖಾಲಿ ಗೋಣಿಯನ್ನೂ ತೂಗಿ, ಅಷ್ಟನ್ನು ಕಳೆದು, ಉಳಿದದ್ದೇ ಅಡಿಕೆಯ ತೂಕ ಎಂದು ನೀವು ಕೂಗಿ ಹೇಳುತ್ತಿದ್ದಿರಿ. ಮಾವ, ಆ ದಿನ ಅಂಗಳದಲ್ಲಿ ನೀವು ನಮ್ಮ ಮಂದಿಯ ಗೋಣಿಯನ್ನೂ ಕಳೆದಿರಾ?

ಹೌದು ಎಂದಾದರೆ ನಿಮ್ಮ ತೂಕದಲ್ಲಿ ಯಾವ ತಪ್ಪೂ ಇಲ್ಲ. ಬಟ್ಟೆಬರೆ ಸಮೇತ ತೂಗಿ ಎಂದು ಬಿಡಿಸಿ ಹೇಳದ ತಪ್ಪು ನನ್ನದು. ಇದನ್ನು ಯಾರಿಗೆ ಬೇಕಾದರೂ ಓದಿ ಹೇಳಿ, ಸೀಲು ಇಲ್ಲದಿದ್ದರೂ ಸಹಿ ಉಂಟು.

ನಿಮ್ಮ ತೂಕವನ್ನು ಇನ್ನೂ ಕಣ್ಣು ಮುಚ್ಚಿ ನಂಬುವ,
ದೀಪ್ತಿ

ಮರೆತದ್ದು: ಗೋಣಿಯ ಲೆಕ್ಕ ಸೇರಿಸಿದರೂ ಮೊತ್ತ ಪೂರ್ತಿ ಕೂಡುವುದಿಲ್ಲ. ನೀವು ಇಳಿದ ಮೇಲೆ ಎಂಜಿನಿನಲ್ಲಿ ನಾನು ಎಣಿಸಿದ್ದಕ್ಕಿಂತ ಹೆಚ್ಚೇ ಬಲ ಉಳಿಯಿತು. ಯಾಕೆಂದು ತಿಳಿಯಲಿಲ್ಲ. ಅದನ್ನು ಬಿಸಿಲಿನ ತಲೆಗೆ ಕಟ್ಟಿಬಿಟ್ಟಿದ್ದೇನೆ.


ಆಲೆಟ್ಟಿ
ಮೇ ೨೯

ಚಿರಂಜೀವಿ ದೀಪ್ತಿಗೆ,

ಆಶೀರ್ವಾದ. ಈ ಸಲದ್ದು ಸಿಟ್ಟು ಬೆರೆಸದ್ದು.

ಗೋಣಿ ಕಳೆದಿರಾ ಎಂದು ಕೇಳಿದಿಯಲ್ಲ, ಓದಿ ಮೊದಲು ನನಗೆ ಮೈಯೆಲ್ಲ ಉರಿಯಿತು. ಕಳೆಯದೆ ಯಾರಾದರೂ ತೂಗುತ್ತಾರಾ? ನೀನು ಕೇಳಿದ್ದು ಆಳಿನ ತೂಕ. ಸೀರೆ ಆಳಾ? ಒಡವೆ ಆಳಾ? ಶರ್ಮಿಳಾಳ ಸೀರೆಯಂಥದ್ದೇ ಇನ್ನೊಂದನ್ನು ಪೂವಕ್ಕನ ಪೆಟ್ಟಿಗೆಯಿಂದ ತೆಗೆಸಿ ತೂಗಿದ್ದೆ. ಒಡವೆಯ ತೂಕ ಮನೆಯವರಿಗೆಲ್ಲ ಬಾಯಿಪಾಠ. ಮಲ್ಲಿಗೆಯದ್ದು ಮಾತ್ರ ಅಂದಾಜು, ಅದಕ್ಕೆ ನೀರು ಚಿಮುಕಿಸಿದ್ದರಿಂದ ಸ್ವಲ್ಪ ಪಸೆ ಎಂದೂ ಕಳೆದೆ. ಪೂವಕ್ಕನ ಕನ್ನಡಕವನ್ನೂ ಬಿಡಲಿಲ್ಲ. ಜಸೀನಾಳ ಅಲಂಕಾರದ ಪೆಟ್ಟಿಗೆಯನ್ನು ಅವಳ ಕೈಯಿಂದ ಕೆಳಗಿಡಿಸಿಯೇ ಅವಳನ್ನು ತೂಗಿದ್ದು. ಅದು ಕಲ್ಲಿನಷ್ಟು ಭಾರ, ಒಳಗೆ ಎಂತ ತುಂಬಿಸುತ್ತಾಳೋ ಆ ಹುಡುಗಿ. ನಾನು ಒಂದು ಗ್ರಾಮಿನ ಮೋಸ ಮಾಡಿದವನಲ್ಲ.

ಹೀಗೆ ಬೈಯುತ್ತಲೇ ನಿನ್ನ ಪತ್ರವನ್ನು ಪುನಃ ಮೊದಲಿನಿಂದ ಓದಿದೆ. ಚೆನ್ನಪ್ಪನ ಹಲಗೆಯ ಜಾಗಕ್ಕೆ ಬಂದಾಗ ನನ್ನ ತಪ್ಪು ಕಂಡಿತು. ಸೀರೆಯನ್ನು ಮನೆಯಲ್ಲಿ ಬಿಟ್ಟು ಯಾರೂ ಹೆಲಿಕಾಪ್ಟರ್ ಹತ್ತಿರಲಿಲ್ಲವಲ್ಲ. ಗೋಣಿ ಕಳೆಯುವುದು ಅಡಿಕೆ ಕೊಳ್ಳುವವನ ಲೆಕ್ಕ. ಹೊರುವವನ ಬೆನ್ನಿಗೆ ಗೋಣಿಯೂ ಭಾರವೇ. ಇದನ್ನು ಇಷ್ಟು ವರ್ಷ ಮೂಟೆ ಹೊರಿಸಿದ ನಾನು ಯೋಚಿಸಬೇಕಿತ್ತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂದು ನಾನೇ ಎಲ್ಲರಿಗೆ ಹೇಳುತ್ತಿದ್ದ ಮಾತು, ಈಗ ನನಗೇ ಬಂತು.

ಪತ್ರವನ್ನು ಶನಿವಾರ ಅಂಗಡಿಯಲ್ಲಿ ಜನ ಇರುವಾಗ ಜೋರಾಗಿ ಓದಿದೆ. ಮೆತ್ತೆಯ ವಿಷಯ ಬಂದಾಗ ಎಲ್ಲರೂ ಹತ್ತಿರ ಬಂದು ಕೇಳಿದರು. ಮಂದಿಯ ಗೋಣಿ ಎಂಬಲ್ಲಿ ನಕ್ಕದ್ದು ಹೇಗೆಂದರೆ ಪಕ್ಕದ ಹೋಟೆಲಿನವರು ಚಾ ಲೋಟ ಹಿಡಿದುಕೊಂಡೇ ಓಡಿ ಬಂದರು. ಪೆರಾಬೆಯವರೂ ಇದ್ದರು. ಅವರು ನಕ್ಕು ಕಣ್ಣೊರಸಿಕೊಂಡು, ‘ಹೆಲಿಕಾಪ್ಟರಿಗೂ ಗೋಣಿ ಕಳೆದು ಕೊಟ್ಟ ಮನುಷ್ಯ ಮಾರಾಯ್ರೆ, ಇವರ ಹತ್ರ ನಾನು ಇನ್ನೊಮ್ಮೆ ತೂಗಿಸಿದೆನಲ್ಲ’ ಎಂದರು. ಅವತ್ತು ತಂದ ಮೂಟೆಗಳನ್ನು ಇಳಿಸಿ, ತೂಗುವಾಗ ನೋಡಲೂ ನಿಲ್ಲದೆ ಹೋಟೆಲಿಗೆ ಗೋಳಿಬಜೆ ತಿನ್ನಲು ಹೋದರು. ಅವರು ಬೆನ್ನು ತಿರುಗಿಸಿ ಹೋದದ್ದನ್ನು ನೋಡಿದಾಗ ನನಗೆ ಆದ ಸಂತೋಷ ಹೇಳಲು ಬರುವುದಿಲ್ಲ. ಈಗ ಪೇಟೆಯಲ್ಲಿ ನನಗೆ ಹೆಲಿಕಾಪ್ಟರ್ ಕುಶಾಲಪ್ಪ ಎಂದು ಹೆಸರು ಬಿದ್ದಿದೆ. ಇರಲಿ, ಅಡ್ಡಿಲ್ಲ.

ಪೇಟವನ್ನು ಮಾಡಿನಿಂದ ಶಾಲೆಯವರು ಇಳಿಸಿ ಕೊಟ್ಟಿದ್ದಾರೆ. ಶರ್ಮಿಳಾ ಮತ್ತು ಮೋಕ್ಷಿತ್ ಮೊನ್ನೆ ಊಟಕ್ಕೆ ಬಂದಿದ್ದರು. ಗಮ್ಮತ್ತಾಯಿತು. ನೀನು ಅಲ್ಲಿ ಬೆಟ್ಟದ ಗಾಳಿಯಲ್ಲಿ ಯಾರ ದಾಕ್ಷಿಣ್ಯಕ್ಕೂ ಒಳಗಾಗಬೇಡ. ಎಂತಹ ದೊಡ್ಡ ಮನುಷ್ಯ ಕೂತಿದ್ದರೂ ಮುಳ್ಳು ಬೇಡ ಎಂದರೆ ಇಳಿಸು. ನನ್ನನ್ನೇ ಇಳಿಸಿದವಳಿಗೆ ಬೇರೆಯವರದ್ದು ಎಂತ ಕಷ್ಟ?

ನಿನ್ನ ಬಗ್ಗೆ ಹೆಮ್ಮೆಯಿಂದ ಇರುವ,
ಮಾವ

ಮರೆತದ್ದಲ್ಲ, ಉಳಿಸಿಟ್ಟದ್ದು: ಪತ್ರ ಓದಿ ಹೇಳುವಾಗ ನಿನ್ನ ಸಹಿಯ ಕೆಳಗಿನ ಸಾಲುಗಳನ್ನು ಹಾರಿಸಿದೆ, ಮೊತ್ತ ಪೂರ್ತಿ ಕೂಡುವುದಿಲ್ಲ ಎಂದು ಬರೆದದ್ದನ್ನು. ಬಿಸಿಲಿಗೆ ಸುಮ್ಮನೆ ಬೈಯಬೇಡ. ಆ ದಿನ ಎಲ್ಲರನ್ನೂ ಮೆಷಿನಿಗೆ ಹತ್ತಿಸಿದವನು ನಾನು, ನನ್ನನ್ನು ಹತ್ತಿಸಲು ಯಾರಿದ್ದರು? ನನ್ನದೆಂದು ಹೇಳಿದ ಎಂಬತ್ತು, ನಿನ್ನನ್ನು ಪೈಲಟ್ ಪರೀಕ್ಷೆಯ ಮೆಡಿಕಲ್ಲಿಗೆ ಕರೆದುಕೊಂಡು ಹೋಗಿದ್ದಾಗ ಅಲ್ಲಿನ ನರ್ಸು ತಮಾಷೆಗೆ ನನ್ನನ್ನೂ ತೂಗಿದ ತೂಕ. ಅದರ ಮೇಲೆ ನಾನು ತೂಕ ನೋಡಿಕೊಂಡವನೇ ಅಲ್ಲ. ನಿನ್ನ ಪತ್ರ ಬಂದ ಮೇಲೆ ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಹತ್ತಿ ನಿಂತೆ. ಪಂಚೆ, ಶರ್ಟು, ಸೊಂಟದ ಬೀಗದಕೈ ಯಾವುದನ್ನೂ ಕಳೆಯಲಿಲ್ಲ. ನೂರ ಮೂರು ಬಂತು. ಇಳಿದು ಇನ್ನೊಮ್ಮೆ ಹತ್ತಿದೆ, ಅಷ್ಟೇ ಬಂತು. ಆಮೇಲೆ ಮೆಷಿನಿನ ಪಕ್ಕದ ಸ್ಟೂಲಿನಲ್ಲಿ ಕೂತು, ಹೆಲಿಕಾಪ್ಟರಿನಲ್ಲಿದ್ದ ನಿಮ್ಮ ನಾಲ್ವರ ಮುಖವನ್ನೂ ಒಂದೊಂದಾಗಿ ನೆನಪಿಸಿಕೊಂಡೆ. ನಿನ್ನ ಅಮ್ಮನಿಗೆ ಹೇಳಬೇಡ, ಅನ್ನ ಕಡಿಮೆ ಮಾಡಿಸುತ್ತಾಳೆ. ನೀನು ನನ್ನನ್ನು ಇಳಿಸಿದ್ದು ಸರಿ, ಮಗಳೇ.